ಬುಲ್‌ಡಾಗ್ ನಾಯಿಯ ಆರೈಕೆ

ನಂದಿದುರ್ಗ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಂಬ ಹೆಸರುಗಳನ್ನು ಕೇಳುತ್ತ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಗಾಳಿಯ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಚಾಂಪಿಯನ್ ರೀಫ್ ಗಣಿಯು ನೆಲದೊಳಗೆ 3 ಕಿಲೋಮೀಟರಿಗೂ ಮಿಗಿಲಾಗಿ ಇಳಿದಿದ್ದಿತು. ಆ ಆಳದ ಬಂಡೆಯ ಕಾವಿನಲ್ಲಿ, ಮೇಲಿನಿಂದ ತಂಪುಗಾಳಿಯು ಇಳಿದುಬಾರದಿದ್ದರೆ ಮನುಷ್ಯನು ಕೆಲಸಮಾಡಲಾರನು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಆದರೆ ಗಾಳಿಯ ಪಾಠವು ಬುಲ್‌ಡಾಗ್ ಸಾಕುವವರಿಗೆ ಇಂದಿಗೂ ಬೇಕಾಗಿರುವುದು.

ಇಂಗ್ಲೆಂಡಿನಲ್ಲಿ ಈ ಜಾತಿಯನ್ನು ಮೊದಲು ಗೂಳಿಗಳ ಮೇಲೆ ಬಿಟ್ಟು ವಿನೋದ ನೋಡುವುದಕ್ಕಾಗಿ ಬೆಳೆಸಿದರು. 1835ರ ಕಾಯಿದೆಯು ಆ ಕ್ರೂರವಾದ ಆಟವನ್ನು ನಿಷೇಧಿಸಿತು. ಅನಂತರ ಜನರು ಇದನ್ನು ಮನೆಯ ಸಂಗಾತಿಯನ್ನಾಗಿ ಮಾಡಿಕೊಂಡು, ಮುಖವು ಚಪ್ಪಟೆಯಾಗಿರುವ ಮರಿಗಳನ್ನೇ ಆರಿಸಿ ಬೆಳೆಸುತ್ತ ಬಂದರು. ಇದರಿಂದ ಸ್ವಭಾವವು ಸೌಮ್ಯವಾಯಿತು. ಶರೀರವು ಮಾತ್ರ ಕಷ್ಟಕ್ಕೆ ಗುರಿಯಾಯಿತು. ಮೂಳೆ ಕುಗ್ಗಿದರೂ ಒಳಗಿನ ಮಾಂಸವು ಅಷ್ಟಾಗಿ ಕುಗ್ಗಲಿಲ್ಲ. ಮೂಗಿನ ಹೊಳ್ಳೆಗಳು ಕಿರಿದು, ಅಂಗುಳು ಉದ್ದ. ಆದುದರಿಂದಲೇ ಅದು ಗೊರಕೆ ಹೊಡೆಯುವುದು. ಅನೇಕರು ಇದನ್ನು ಮುದ್ದೆಂದು ನಗುವರು. ವಾಸ್ತವವಾಗಿ ಅದು ಉಸಿರಿನ ತೊಂದರೆ.

ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುತ್ತ ಕಾವನ್ನು ಹೊರಹಾಕುವುದು. ಉಸಿರಿನ ಹಾದಿಯೇ ಇಕ್ಕಟ್ಟಾದಾಗ ಕಾವು ಒಳಗೇ ನಿಲ್ಲುವುದು. ನಾವು ಇದನ್ನು ತಿಳಿದದ್ದು ತಡವಾಗಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮದುವೆಯೂಟಕ್ಕೆ ಬಂಗಾರಪೇಟೆಗೆ ಹೊರಟ ಸಡಗರದಲ್ಲಿ, ನಮ್ಮ ನಾಯಿಯನ್ನು ತಗಡಿನ ಚಾವಡಿಯಲ್ಲಿ ಕಟ್ಟಿ, ನೀರಿಟ್ಟು ಹೋದೆವು. ಹಿಂದಿರುಗಿದಾಗ ನೀರು ಹಾಗೆಯೇ ಇದ್ದಿತು, ನಾಯಿ ಇರಲಿಲ್ಲ. ಅಂದು ನಮ್ಮ ಮಕ್ಕಳು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ನಾಯಿಯ ಸಹಜವಾದ ಕಾವು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104ನ್ನು ದಾಟಿದರೆ ಅಪಾಯ. ಏದುಸಿರು, ಗಟ್ಟಿಯಾದ ಜೊಲ್ಲು, ನೀಲಿಗಟ್ಟಿದ ಒಸಡು, ತಡವರಿಕೆ ಕಂಡ ಕೂಡಲೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. ಬೇಸಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಅಥವಾ ಕತ್ತಲಾದ ಮೇಲೆ ಮಾತ್ರ ತಿರುಗಾಡಿಸಬೇಕು. ಕತ್ತಿಗೆ ಪಟ್ಟಿ ಕಟ್ಟುವುದಕ್ಕಿಂತ ಎದೆಗೆ ಕಟ್ಟುವ ಪಟ್ಟಿ ಮೇಲು.

ಆಹಾರದ ವಿಷಯದಲ್ಲಿ ಪ್ರೀತಿಯೇ ಶತ್ರುವಾಗುವುದುಂಟು. ಬೆಳೆದ ಗಂಡುನಾಯಿಯ ತೂಕ ಸುಮಾರು 23 ಕಿಲೋ, ಹೆಣ್ಣಿನದು 18 ಕಿಲೋ. ಬೊಜ್ಜು ಬೆಳೆದಷ್ಟೂ ಉಸಿರು ಕಟ್ಟುವುದು. ಕೈಯಿಂದ ಸವರಿದರೆ ಪಕ್ಕೆಲುಬು ತಗಲುವಂತಿರಬೇಕು. ದಿನಕ್ಕೆ ಎರಡು ಸಲ ಅಳತೆಯಾಗಿ ಹಾಕಿದರೆ ಸಾಕು. ಉಪ್ಪು ಖಾರವಿಲ್ಲದೆ ಬೇಯಿಸಿದ ಮಾಂಸ, ಅನ್ನ, ಕುಂಬಳಕಾಯಿ ಒಗ್ಗುವುವು. ಆದರೆ ಬರಿಯ ಅನ್ನಮಾಂಸದಲ್ಲಿ ಸುಣ್ಣದ ಅಂಶವು ಸಾಲದು. ಮರಿಗಳಿಗಂತೂ ವೈದ್ಯರನ್ನು ಕೇಳಿಯೇ ಆಹಾರವನ್ನು ಗೊತ್ತುಮಾಡಬೇಕು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ನಮ್ಮ ಸಾರು ಹುಳಿಗಳಲ್ಲಿ ಮೊದಲೆರಡೂ ಇರುವುದರಿಂದ ಎಲೆಯಲ್ಲಿ ಉಳಿದುದನ್ನು ಹಾಕಕೂಡದು. ಬೇಯಿಸಿದ ಎಲುಬು ಚೂಪಾಗಿ ಸಿಗಿದು ಕರುಳನ್ನು ಚುಚ್ಚುವುದು.

ಮುಖದ ಸುಕ್ಕುಗಳನ್ನೂ ಬಾಲದ ಬುಡವನ್ನೂ ದಿನವೂ ಒದ್ದೆಬಟ್ಟೆಯಿಂದ ಒರಸಿ, ಪೂರ್ತಿಯಾಗಿ ಒಣಗಿಸಬೇಕು. ತೇವ ನಿಂತಲ್ಲಿ ಹುಣ್ಣಾಗುವುದು. ಉಣ್ಣೆಗಳು ಜ್ವರವನ್ನು ತರುವುದರಿಂದ ಕಿವಿ, ಬೆರಳಸಂದುಗಳನ್ನು ಹುಡುಕಿ ನೋಡತಕ್ಕದ್ದು. ಇದರ ಹೆರಿಗೆಯು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಿಂದಲೇ ಆಗುವುದಾದುದರಿಂದ ಮರಿಹಾಕಿಸುವ ಆಸೆಯನ್ನು ಬಿಡುವುದೇ ಲೇಸು.

ಕೊನೆಯದಾಗಿ, ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಮೂರು ತಿಂಗಳ ವಯಸ್ಸಿನಲ್ಲಿ ಹಾಕಿಸಿ, ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ಪಾಸ್ತರನು 1885ರಲ್ಲಿ ತೋರಿಸಿದ ದಾರಿಯಿದು. ರೋಗವು ತಲೆದೋರಿದ ಮೇಲೆ ಮದ್ದಿಲ್ಲವೆಂದೇ ಹೇಳಬೇಕು. ಯಾವ ನಾಯಿ ಕಚ್ಚಿದರೂ ಮಕ್ಕಳು ಹೆದರಿ ಮರೆಮಾಚದಂತೆ ಕಲಿಸಿ, ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮಕ್ಕಳು ಮರಿಯನ್ನು ಬೇಡಿದಾಗ, ಏಪ್ರಿಲ್ ತಿಂಗಳ ಮಧ್ಯಾಹ್ನ ಅದರೊಡನೆ ಯಾರಿರುವರೆಂದು ಮೊದಲು ಕೇಳಿಕೊಳ್ಳಿರಿ. ಉತ್ತರವಿದ್ದರೆ ಮಾತ್ರ ತನ್ನಿರಿ.