ಪುಟಾಣಿಗಳಿಗೊಂದು ಕರಕುಶಲ ಮೂಲೆ

ಬೇಸಿಗೆ ರಜೆಯಲ್ಲಿ ನಮ್ಮ ಅನೇಕ ಚರ್ಚುಗಳಲ್ಲಿ ಮಕ್ಕಳ ಶಿಬಿರಗಳು ನಡೆಯುತ್ತವೆ. ಭಾನುವಾರ ಬಲಿಪೂಜೆಯ ನಂತರ ಧರ್ಮಶಿಕ್ಷಣದ ತರಗತಿಗಳಿರುತ್ತವೆ. ಇವೆಲ್ಲ ಹೆಚ್ಚಾಗಿ ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ. ಮೂರರಿಂದ ಆರು ವರ್ಷದ ಪುಟಾಣಿಗಳು ಅಕ್ಕ-ಅಣ್ಣಂದಿರ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಹತ್ತು ನಿಮಿಷದಲ್ಲಿ ಬೇಸತ್ತು ಓಡಾಡತೊಡಗುತ್ತಾರೆ. ಅವರನ್ನು ಗದರಿಸಿ ಕುಳ್ಳಿರಿಸುವ ಬದಲು, ಚರ್ಚ್ ಸಭಾಂಗಣದಲ್ಲೋ ಬಾಲವಾಡಿಯಲ್ಲೋ ಅವರದೇ ಆದ ಒಂದು ಕರಕುಶಲ ಮೂಲೆಯನ್ನು ಮಾಡಿಕೊಡಬಹುದು. ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಆದರೆ ಕೆಲವು ವಿಷಯಗಳನ್ನು ಮೊದಲೇ ತಿಳಿದುಕೊಂಡಿರಬೇಕು.

ಯಾರ ಕೆಲಸ, ಯಾರ ಕೈ?

ಎಷ್ಟೋ ಕಡೆ ಕರಕುಶಲ ಎಂದರೆ ಹೀಗೆ: ಶಿಕ್ಷಕಿ ಹಿಂದಿನ ರಾತ್ರಿ ಕುಳಿತು ಇಪ್ಪತ್ತು ಮೀನುಗಳನ್ನು ಒಂದೇ ಅಚ್ಚಿನಲ್ಲಿ ಕತ್ತರಿಸಿ ತರುತ್ತಾರೆ. ಮಕ್ಕಳು ಅದಕ್ಕೆ ಕಣ್ಣು ಅಂಟಿಸುತ್ತಾರೆ. ಕಣ್ಣು ಓರೆಯಾದರೆ ಶಿಕ್ಷಕಿಯೇ ಕಿತ್ತು ಸರಿಪಡಿಸುತ್ತಾರೆ. ಗೋಡೆಯ ಮೇಲೆ ಇಪ್ಪತ್ತು ಚಂದದ ಮೀನುಗಳು ಕಾಣುತ್ತವೆ, ಹೆತ್ತವರಿಗೂ ಸಂತೋಷವಾಗುತ್ತದೆ. ಆದರೆ ಮಗು ಕಲಿತದ್ದೇನು? ತಾನು ಮಾಡಿದ್ದು ಸರಿಯಿಲ್ಲ ಎಂದು. ಮುಂದಿನ ವಾರ ಅದೇ ಮಗು ಕಾಗದವನ್ನು ದೂರ ತಳ್ಳಿ, “ನನಗೆ ಬರುವುದಿಲ್ಲ, ನೀವೇ ಮಾಡಿಕೊಡಿ ಟೀಚರ್” ಎನ್ನುತ್ತದೆ. ಈ ಮಾತು ಒಮ್ಮೆ ಬಾಯಿಗೆ ಬಂದರೆ ಅದನ್ನು ಬಿಡಿಸುವುದು ಬಹಳ ಕಷ್ಟ.

ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣತಜ್ಞರು 1947ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರಗಳನ್ನು ವಯಸ್ಸಿಗನುಗುಣವಾಗಿ ಹಂತಗಳಾಗಿ ವಿಂಗಡಿಸಿದ್ದಾರೆ. ಸುಮಾರು 2ರಿಂದ 4 ವರ್ಷದವರೆಗೆ ಗೀಚುವ ಹಂತ. 4ರಿಂದ 7ರವರೆಗೆ, ದುಂಡಗಿನ ತಲೆಯಿಂದಲೇ ನೇರವಾಗಿ ಕಾಲುಗಳು ಹೊರಡುವಂಥ ಮನುಷ್ಯರು ಮೂಡುವ ಹಂತ. ಇವು ತಪ್ಪುಗಳಲ್ಲ, ಬೆಳವಣಿಗೆಯ ಮೆಟ್ಟಿಲುಗಳು. ತೊದಲು ಮಾತನಾಡುವ ಮಗುವನ್ನು ನಾವು ಬಯ್ಯುವುದಿಲ್ಲ. ಗೀಚುವ ಮಗುವನ್ನೂ ಹಾಗೆಯೇ ನೋಡಬೇಕು. ಆದ್ದರಿಂದ ಮೂಲೆಯ ಮೊದಲ ನಿಯಮ ದೊಡ್ಡವರಿಗೆ: ಮಗುವಿನ ಕೆಲಸಕ್ಕೆ ನಮ್ಮ ಕೈ ಹಾಕಬಾರದು.

ಜಾಗ ಹೇಗಿರಬೇಕು?

ಮರಿಯಾ ಮೊಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದರು. ಅಲ್ಲಿ ಅವರು ಕುರ್ಚಿ, ಮೇಜು, ಕಪಾಟುಗಳನ್ನೆಲ್ಲ ಮಕ್ಕಳ ಅಳತೆಗೆ ಮಾಡಿಸಿದರು. ಮಗು ತನಗೆ ಬೇಕಾದುದನ್ನು ಯಾರನ್ನೂ ಕೇಳದೆ ತೆಗೆದುಕೊಂಡು, ಮುಗಿದ ಮೇಲೆ ಅಲ್ಲೇ ಇಡಬೇಕು ಎಂಬುದು ಅವರ ವಿಚಾರ. ನಮ್ಮ ಮೂಲೆಗೂ ಇದೇ ಆಧಾರ. ಬೀಗ ಹಾಕಿದ ಎತ್ತರದ ಕಪಾಟಿನಲ್ಲಿ ಎಷ್ಟು ಸಾಮಾನಿದ್ದರೂ ಮಗುವಿಗೆ ಅದು ಇಲ್ಲದಂತೆಯೇ.

ಕಿಟಕಿಯ ಬೆಳಕು ಬೀಳುವ, ನೀರಿನ ನಳ್ಳಿಗೆ ಹತ್ತಿರವಿರುವ ಮೂಲೆಯನ್ನು ಆರಿಸಿಕೊಳ್ಳಿ. ಮಕ್ಕಳು ಕೈ ತೊಳೆಯಲು ಸಭಾಂಗಣವಿಡೀ ದಾಟಬೇಕಾದರೆ ಬಣ್ಣವೂ ಅವರ ಜೊತೆ ದಾಟುತ್ತದೆ. ಮೇಜು ಇಲ್ಲದಿದ್ದರೆ ಚಿಂತೆಯಿಲ್ಲ. ನೆಲಕ್ಕೆ ಚಾಪೆ, ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಹಾಳೆ, ಕುಳಿತುಕೊಳ್ಳಲು ಮಣೆಗಳಿದ್ದರೆ ಸಾಕು. ಕಪಾಟು ಮಗುವಿನ ಎದೆಯ ಎತ್ತರ ಮೀರದಿರಲಿ, ಅದನ್ನು ಗೋಡೆಗೆ ಭದ್ರವಾಗಿ ಬಿಗಿಯಿರಿ. ಒಂದೊಂದು ಡಬ್ಬದ ಮೇಲೂ ಒಳಗಿರುವ ವಸ್ತುವಿನ ಚಿತ್ರ ಅಂಟಿಸಿ, ಓದಲು ಬಾರದ ಮಗುವಿಗೂ ಅದರ ಜಾಗ ತಿಳಿಯುತ್ತದೆ.

ನಮ್ಮ ಸಭಾಂಗಣಗಳು ಮದುವೆ, ಸಭೆ-ಸಮಾರಂಭಗಳಿಗೂ ಬೇಕು. ಶನಿವಾರ ಸಂಜೆ ಎಲ್ಲವನ್ನೂ ತೆರವು ಮಾಡಬೇಕಾಗಿ ಬರುತ್ತದೆ. ಅಂಥಲ್ಲಿ ಚಕ್ರವಿರುವ ತಗ್ಗಿನ ಕಪಾಟು ಅಥವಾ ಮುಚ್ಚಳವಿರುವ ಎರಡು ಪೆಟ್ಟಿಗೆಗಳು ಒಳ್ಳೆಯದು. ಅದೇ ಪೆಟ್ಟಿಗೆ, ಅದೇ ಚಾಪೆ, ಅದೇ ಮೂಲೆ ಪ್ರತಿ ಬಾರಿಯೂ ಇದ್ದರೆ ಮಕ್ಕಳು ಅದನ್ನು ತಮ್ಮದೆಂದು ಗುರುತಿಸುತ್ತಾರೆ.

ಏನೇನು ಇಡಬೇಕು?

ಎಲ್ಲವನ್ನೂ ಒಮ್ಮೆಗೇ ಇಡಬೇಡಿ. ನಾಲ್ಕೈದು ಬಗೆ ಸಾಕು: ದಪ್ಪ ಕ್ರೆಯಾನ್‌ಗಳು, ಕಾಗದ, ತುದಿ ದುಂಡಗಿರುವ ಕತ್ತರಿಗಳು, ಅಂಟು, ಮಣ್ಣು ಅಥವಾ ಹಿಟ್ಟಿನ ಮುದ್ದೆ. ಎಡಗೈ ಮಕ್ಕಳಿಗಾಗಿ ಎಡಗೈ ಕತ್ತರಿಯೊಂದು ಇರಲಿ. ಅದಿಲ್ಲದೆ ಅವರು ತಾವು ದಡ್ಡರೆಂದು ತಿಳಿದುಕೊಳ್ಳುತ್ತಾರೆ.

ಕಾಗದಕ್ಕೆ ಹಳೆಯ ಕ್ಯಾಲೆಂಡರ್, ಮದುವೆ ಕಾಗದದ ಖಾಲಿ ಬದಿ, ಕಚೇರಿಯಲ್ಲಿ ಒಂದು ಬದಿ ಮುದ್ರಿಸಿದ ಹಾಳೆಗಳು ಸಾಕು. ಆದರೆ ಜನರ ಹೆಸರು, ಫೋನ್ ನಂಬರ್ ಇರುವ ಹಾಳೆಗಳನ್ನು ಕೊಡಬೇಡಿ. ಹೊಲಿಗೆ ಮಾಡುವವರನ್ನು ಕೇಳಿದರೆ ಬಣ್ಣದ ಬಟ್ಟೆ ಚೂರುಗಳು ಸಿಗುತ್ತವೆ. ನಮ್ಮ ತೋಟದಲ್ಲಂತೂ ಸಾಮಗ್ರಿಗೆ ಬರವಿಲ್ಲ. ಅಡಿಕೆ ಹಾಳೆ ಚಿತ್ರ ಬರೆಯುವ ಹಲಗೆಯಾಗುತ್ತದೆ, ಗೆರಟೆ ಬಣ್ಣದ ಬಟ್ಟಲಾಗುತ್ತದೆ. ತೆಂಗಿನ ಗರಿಯಿಂದ ಗಿರಿಗಿಟ್ಲೆ, ಹಾವು, ಕೈಗಡಿಯಾರ ಮಾಡಲು ನಮ್ಮ ಹಿರಿಯರಿಗೆ ಗೊತ್ತು. ಅಂಥ ಅಜ್ಜ-ಅಜ್ಜಿಯರನ್ನು ತಿಂಗಳಿಗೊಮ್ಮೆ ಕರೆಯಿರಿ. ಬಸಳೆ ಹಣ್ಣಿನ ನೇರಳೆ, ಬೀಟ್‌ರೂಟ್‌ನ ಕೆಂಪು, ಅರಸಿನದ ಹಳದಿ ಮನೆಯಲ್ಲೇ ಸಿಗುವ ಬಣ್ಣಗಳು. ಅರಸಿನದ ಬಣ್ಣ ಬಳಿದ ಕಾಗದಕ್ಕೆ ಸಾಬೂನಿನ ನೀರು ತಾಗಿಸಿದರೆ ಅದು ಕೆಂಪಾಗುವುದನ್ನು ಮಕ್ಕಳಿಗೆ ತೋರಿಸಿ, ಅವರ ಕಣ್ಣರಳುತ್ತದೆ.

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಆರಂಭಿಸಲು ಕಾರಣವಾದದ್ದು ನಮ್ಮ ನದಿಗಳ ಜೇಡಿಮಣ್ಣು. ಕಲ್ಲು, ಗಾಜಿನ ಚೂರುಗಳಿಲ್ಲದಂತೆ ಸೋಸಿ ನಾದಿದ ಈ ಮಣ್ಣಿಗಿಂತ ಒಳ್ಳೆಯ ಆಟದ ವಸ್ತು ಬೇರಿಲ್ಲ. ಅದು ಸಿಗದಿದ್ದರೆ 2 ಲೋಟ ಮೈದಾ, 1 ಲೋಟ ಉಪ್ಪು, 2 ಚಮಚ ಎಣ್ಣೆಗೆ ಸುಮಾರು 1 ಲೋಟ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿನಂತೆ ಕಲಸಿ. ಇದರಲ್ಲಿ ಉಪ್ಪು ಬಹಳ ಇರುವುದರಿಂದ ಮಕ್ಕಳು ತಿನ್ನದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಉಪ್ಪು ನೀರು ಹೀರಿ ಮುದ್ದೆ ಅಂಟಂಟಾಗುತ್ತದೆ. ಆಗ ಆ ದಿನಕ್ಕೆ ಬೇಕಾದಷ್ಟೇ ಮಾಡಿ.

ಎಚ್ಚರ ಅಗತ್ಯ

ನಮ್ಮ ಗುಡ್ಡಗಳಲ್ಲಿ ಕೆಂಪು ಬೀಜಗಳು ಸಿಗುತ್ತವೆ. ಪೂರ್ತಿ ಕೆಂಪಾಗಿರುವ ಮಂಜೊಟ್ಟಿ ಚೆನ್ನೆಮಣೆ ಆಟದಿಂದ ಎಲ್ಲರಿಗೂ ಪರಿಚಿತ. ಕೆಂಪು ಬೀಜಕ್ಕೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಮಾತ್ರ ಘೋರ ವಿಷ. ಅದನ್ನು ಅಗಿದರೆ ಪ್ರಾಣಕ್ಕೇ ಅಪಾಯ. ಕಣಗಿಲೆಯ ಹೂ, ಎಲೆ, ಬೀಜಗಳೂ ವಿಷವೇ. ಇವೆರಡೂ ಮೂಲೆಯೊಳಗೆ ಬರಲೇಬಾರದು. ಯಾವುದೇ ಮಗು ಇವನ್ನು ಬಾಯಿಗೆ ಹಾಕಿಕೊಂಡಿದ್ದರೆ ಕಾಯುತ್ತ ಕುಳಿತುಕೊಳ್ಳದೆ, ಆ ಬೀಜ ಅಥವಾ ಗಿಡದ ಭಾಗವನ್ನು ಜೊತೆಗೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗಳ ಬಿಡಿಭಾಗಗಳನ್ನು ಪರೀಕ್ಷಿಸಲು 31.7 ಮಿ.ಮೀ. ಅಗಲದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಣಿ, ಗುಂಡಿ, ಮಂಜೊಟ್ಟಿ ಎಲ್ಲವೂ ಅದರಲ್ಲಿ ಇಳಿಯುತ್ತವೆ. ತಮ್ಮ-ತಂಗಿಯರೂ ಬರುವ ದಿನ ಇವನ್ನು ತೆಗೆದಿಡಿ. ಮರುವಾಯಿ ಚಿಪ್ಪುಗಳನ್ನು ಕುದಿಸಿ ತೊಳೆದು, ಚೂಪಾದ ಅಂಚನ್ನು ಕಲ್ಲಿಗೆ ಉಜ್ಜಿ ಕೊಡಿ.

ಮೈದಾ ಕುದಿಸಿ ಮಾಡುವ ಅಂಟು ಸುರಕ್ಷಿತ. ಆದರೆ ಪುಸ್ತಕ ಕಟ್ಟುವವರು ಹುಳ ಬಾರದಂತೆ ಸೇರಿಸುವ ಮೈಲುತುತ್ತನ್ನು ಮಕ್ಕಳ ಅಂಟಿಗೆ ಹಾಕಲೇಬಾರದು, ಅದು ವಿಷ. ಬೂಷ್ಟು ಬಂದ ಅಂಟನ್ನು ಚೆಲ್ಲಿ ಹೊಸದು ಮಾಡಿ. ಗೋಡೆಗೆ ಬಳಿದು ಉಳಿದ ಪೈಂಟನ್ನೂ ಕೊಡಬೇಡಿ. ಬಣ್ಣದಲ್ಲಿ ಸೀಸದ ಅಂಶ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಡಬ್ಬದೊಳಗೆ ಏನಿದೆಯೋ ಹೇಳಲಾಗದು. ಅಲಂಕಾರಕ್ಕೆ ಬಳಸುವ ಥರ್ಮಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಕ್ರಿಸ್ಮಸ್ ಗೋದಲಿಗೆ ಮಕ್ಕಳಿಂದ ಏನಾದರೂ ಮಾಡಿಸುವಾಗ ಹುಲ್ಲು, ಹಾಳೆ, ರಟ್ಟನ್ನೇ ಬಳಸೋಣ.

ನಡೆಸುವ ಕ್ರಮ

ಒಮ್ಮೆಗೆ ಐದಾರು ಮಕ್ಕಳು ಸಾಕು. ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ಬಾಗಿಲು ತೆರೆದಿರಲಿ. ಒಬ್ಬರೇ ಮಕ್ಕಳ ಜೊತೆ ಇರುವ ಪರಿಸ್ಥಿತಿ ಬರದಂತೆ ಸ್ತ್ರೀ ಸಂಘಟನೆ ಹಾಗೂ ಯುವಜನರ ನಡುವೆ ಪಾಳಿ ಹಂಚಿಕೊಳ್ಳಬಹುದು. ಕೊನೆಯ ಹತ್ತು ನಿಮಿಷ ಸ್ವಚ್ಛತೆಗೆ ಮೀಸಲು. ಒದ್ದೆ ಬಟ್ಟೆ, ಸಣ್ಣ ಹಿಡಿಸೂಡಿ ಮಕ್ಕಳ ಕೈಗೇ ಕೊಡಿ, ಅವರಿಗೆ ಅದೂ ಆಟವೇ.

“ಇದೇನು? ಆನೆಯಾ?” ಎಂದು ಕೇಳಬೇಡಿ. ಅದು ಅವನ ಅಪ್ಪನ ದೋಣಿಯಾಗಿರಬಹುದು. “ಇದರ ಬಗ್ಗೆ ನನಗೆ ಹೇಳುತ್ತೀಯಾ?” ಎಂದು ಕೇಳಿ ಸುಮ್ಮನಿರಿ. ಮಗು ಹೇಳಿದ ಮಾತನ್ನು ಚಿತ್ರದ ಹಿಂಬದಿಯಲ್ಲಿ ದಿನಾಂಕ ಸಹಿತ ಬರೆದಿಡಿ. ಬಹುಮಾನ, ಸ್ಥಾನ ಬೇಡ. ಗೋಡೆಗೆ ಹಗ್ಗ ಕಟ್ಟಿ, ಮಕ್ಕಳ ಕಣ್ಣಿನ ಎತ್ತರದಲ್ಲಿ, ಎಲ್ಲರ ಕೆಲಸವನ್ನೂ ತೂಗುಹಾಕಿ.

ಮನೆಯಲ್ಲಿ ಬಣ್ಣದ ಕಡ್ಡಿ ಕೊಡಿಸಲಾಗದ, ಅಥವಾ ಗೋಡೆ ಹಾಳಾಗುತ್ತದೆಂದು ಮುಟ್ಟಗೊಡದ ಕುಟುಂಬಗಳೂ ನಮ್ಮ ನಡುವೆ ಇವೆ. ಬಾಡಿಗೆ ಕೋಣೆಗಳಲ್ಲಿ ಇರುವ ಕೂಲಿ ಕಾರ್ಮಿಕರ ಮಕ್ಕಳೂ ಇದ್ದಾರೆ. ಮೂಲೆಯ ಬಾಗಿಲು ಅವರಿಗೂ ತೆರೆದಿರಲಿ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿ. ಒಂದು ಚಾಪೆ, ಎರಡು ಪೆಟ್ಟಿಗೆ, ತಾಳ್ಮೆಯಿರುವ ಇಬ್ಬರು ಸಿಕ್ಕಿದರೆ ಮುಂದಿನ ಭಾನುವಾರವೇ ಆರಂಭಿಸಬಹುದು.