ದ್ವೀಪದಲ್ಲಿ ಮನೆ ಮಾಡುವುದೆಂದರೆ

ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ಸಂಜೆ ಕೂತು ಹರಟುವ ಹುಡುಗರಲ್ಲಿ ಒಬ್ಬನಾದರೂ "ಓದು ಮುಗಿಸಿ ಫಾರಿನ್ನಿಗೆ ಹೋಗಿಬಿಡಬೇಕಲೇ" ಎಂದು ಹೇಳದೆ ಇರುವುದಿಲ್ಲ. ಆ ಫಾರಿನ್ನು ಎಷ್ಟೋ ಸಲ ಸಿಂಗಪುರವಾಗಿರುತ್ತದೆ. ಖಾನಾಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಇಡೀ ರಾತ್ರಿ ಬೇಕು. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆ ಸಾಕು. ಇಷ್ಟು ಹತ್ತಿರದ ಊರಿನಲ್ಲಿ ನೆಲೆಸುವುದರಲ್ಲಿ ಏನಿದೆ ಕಷ್ಟ ಎಂದು ಅನ್ನಿಸುವುದು ಸಹಜ.

ಮೊದಲು ಆ ದ್ವೀಪವನ್ನು ನೋಡೋಣ. ಭೂಮಧ್ಯರೇಖೆಯಿಂದ ಸುಮಾರು 137 ಕಿಲೋಮೀಟರ್ ಉತ್ತರಕ್ಕಿರುವ ಸಿಂಗಪುರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ನಮ್ಮ ಬೆಳಗಾವಿ ಜಿಲ್ಲೆಯೊಳಗೆ ಅಂಥ ಹದಿನೆಂಟು ದ್ವೀಪಗಳನ್ನು ಜೋಡಿಸಿಡಬಹುದು. ಅಷ್ಟು ಜಾಗದಲ್ಲಿ ಅರವತ್ತು ಲಕ್ಷ ಜನ. ಮಳೆಗೆ ಹೆದರಬೇಕಿಲ್ಲ, ಖಾನಾಪುರ ತಾಲೂಕಿನ ಕಣಕುಂಬಿಯ ಮಳೆ ಕಂಡವರಿಗೆ ಸಿಂಗಪುರದ ಮಳೆ ಕಡಿಮೆಯೇ. ಆದರೆ ಕಣಕುಂಬಿಯಲ್ಲಿ ಮಳೆಗಾಲ ಮುಗಿಯುತ್ತದೆ, ಚಳಿ ಬರುತ್ತದೆ. ಅಲ್ಲಿ ವರ್ಷವಿಡೀ ಅದೇ ಸೆಕೆ, ಅದೇ ಬೆವರು. ಸೂರ್ಯ ಹನ್ನೆರಡು ತಿಂಗಳೂ ಬೆಳಿಗ್ಗೆ ಏಳರ ಆಸುಪಾಸಿಗೆ ಹುಟ್ಟಿ ಸಂಜೆ ಏಳರ ಆಸುಪಾಸಿಗೆ ಮುಳುಗುತ್ತಾನೆ. ಸಮುದ್ರ ಮಟ್ಟದಿಂದ ಎರಡೂವರೆ ಸಾವಿರ ಅಡಿ ಎತ್ತರದಲ್ಲಿ, ತಂಪಿನಲ್ಲಿ ಬೆಳೆದ ಬೆಳಗಾವಿಯವರಿಗೆ ಇದು ಸಣ್ಣ ಸಂಗತಿಯಲ್ಲ.

ಭಾರತೀಯರು ಆ ದ್ವೀಪಕ್ಕೆ ಹೋದದ್ದು ಇಂದು ನಿನ್ನೆಯ ಮಾತಲ್ಲ. ಬ್ರಿಟಿಷರು 1819ರಲ್ಲಿ ಅಲ್ಲಿ ಬಂದರು ಕಟ್ಟಿದರು. 1825ರಿಂದ ಭಾರತದ ಗಡೀಪಾರು ಕೈದಿಗಳನ್ನು ಅಲ್ಲಿಗೆ ತಂದು ರಸ್ತೆ, ಸೇತುವೆ, ಕಟ್ಟಡಗಳ ಕೆಲಸಕ್ಕೆ ಹಚ್ಚಿದರು. ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಕಟ್ಟಿದ್ದು ಆ ಕೈದಿಗಳ ಕೈಗಳೇ. 1873ರಲ್ಲಿ ಆ ವ್ಯವಸ್ಥೆ ಕೊನೆಗೊಂಡಿತು. ಕನ್ನಡಿಗರು ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ಬಹಳ ತಡವಾಗಿ, ಕಂಪ್ಯೂಟರ್ ಮತ್ತು ಬ್ಯಾಂಕಿನ ಕೆಲಸಗಳು ಕರೆದಾಗ. ಸಿಂಗಪುರದ ಕನ್ನಡ ಸಂಘ ಹುಟ್ಟಿದ್ದು 1996ರಲ್ಲಿ.

ಇನ್ನು ಹೋಗುವ ಬಗೆ. ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುವುದಿಲ್ಲ. ಪದವಿ, ಅನುಭವ ಉಳ್ಳವರಿಗೆ 'ಎಂಪ್ಲಾಯ್‌ಮೆಂಟ್ ಪಾಸ್' ಸಿಗುತ್ತದೆ. 2025ರ ಜನವರಿಯಿಂದ ಅದಕ್ಕೆ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್ ಸಂಬಳವಿರಬೇಕೆಂದು ನಿಗದಿಯಾಯಿತು. ವಯಸ್ಸು ಹೆಚ್ಚಿದಷ್ಟೂ ಈ ಮೊತ್ತವೂ ಹೆಚ್ಚು. 2023ರಿಂದ ವಿದ್ಯಾರ್ಹತೆ, ಸಂಬಳ ಮುಂತಾದವಕ್ಕೆ ಅಂಕ ಕೊಟ್ಟು ಅಳೆಯುವ ಪದ್ಧತಿಯೂ ಬಂದಿದೆ. ಕಟ್ಟಡ ಕಟ್ಟುವ, ಹಡಗು ದುರಸ್ತಿ ಮಾಡುವ ಕಾರ್ಮಿಕರಿಗೆ ಸಿಗುವುದು 'ವರ್ಕ್ ಪರ್ಮಿಟ್'. ಈ ಪರ್ಮಿಟ್ ಇದ್ದವರು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಸಿಂಗಪುರದವರನ್ನು ಮದುವೆಯಾಗಬೇಕೆಂದರೂ ಸರ್ಕಾರದ ಅಪ್ಪಣೆ ಬೇಕು! ಹೊಲ ಒತ್ತೆಯಿಟ್ಟು ಏಜೆಂಟರಿಗೆ ಹಣ ಸುರಿದು ಹೋಗುವವರು ಹೆಚ್ಚಾಗಿ ಈ ಎರಡನೆಯ ಬಾಗಿಲಿನವರೇ. ಸಾಲ ತೀರುವ ಮೊದಲೇ ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ, ಊರಿಗೆ ಮರಳಬೇಕಾಗುತ್ತದೆ. ಆದ್ದರಿಂದ ಹಣ ಕೊಡುವ ಮೊದಲು, ಭಾರತದ 1983ರ ವಲಸೆ ಕಾಯ್ದೆಯಂತೆ ಆ ಏಜೆಂಟು ನೋಂದಾಯಿತನೇ ಎಂದು ವಿಚಾರಿಸಲೇಬೇಕು. ನಾಚಿಕೆಪಟ್ಟುಕೊಳ್ಳುವ ವಿಷಯವಲ್ಲ ಇದು.

ಸಂಸಾರ ಸಮೇತ ಹೋದವರ ಮುಂದೆ ಬೇರೊಂದು ಪ್ರಶ್ನೆ ಇರುತ್ತದೆ. ಅದನ್ನು ಬೆಳಗಾವಿಯವರಷ್ಟು ಬೇಗ ಬೇರೆ ಯಾರೂ ಅರ್ಥ ಮಾಡಿಕೊಳ್ಳಲಾರರು. ನಮ್ಮ ಓಣಿಗಳಲ್ಲಿ ಮಗು ಕನ್ನಡ, ಮರಾಠಿ, ಉರ್ದು, ಕೊಂಕಣಿಗಳ ನಡುವೆ ಆಡುತ್ತಾ ಬೆಳೆಯುತ್ತದೆ. ಯಾವುದನ್ನೂ ಕೂತು ಕಲಿಯುವುದಿಲ್ಲ, ಕಿವಿಗೆ ಬಿದ್ದದ್ದು ಬಾಯಿಗೆ ಬರುತ್ತದೆ. ಸಿಂಗಪುರದಲ್ಲೂ ನಾಲ್ಕು ಅಧಿಕೃತ ಭಾಷೆಗಳಿವೆ: ಇಂಗ್ಲಿಷ್, ಚೀನೀ, ಮಲಯ, ತಮಿಳು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷಿನ ಜೊತೆಗೆ 'ಮಾತೃಭಾಷೆ' ಎಂಬ ವಿಷಯವನ್ನು ಕಲಿಯಬೇಕು. ಭಾರತೀಯ ಮೂಲದ ಮಕ್ಕಳಿಗೆ ಅದು ತಮಿಳು. ಬೇಡವೆಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದು. ಈ ಪಟ್ಟಿಯಲ್ಲಿ ಕನ್ನಡವಿಲ್ಲ, ಮರಾಠಿಯೂ ಇಲ್ಲ. ಹೀಗಾಗಿ ಕನ್ನಡದ ಮನೆಯ ಮಗು ಅಂಕಪಟ್ಟಿಯಲ್ಲಿ 'ಮಾತೃಭಾಷೆ' ಎಂಬ ಹೆಸರಿನ ಕೆಳಗೆ ತಾಯಿ ಆಡದ ಭಾಷೆಯೊಂದರ ಅಂಕ ತರುತ್ತದೆ. ಕನ್ನಡ ಉಳಿಯಬೇಕಾದದ್ದು ಊಟದ ತಟ್ಟೆಯ ಮುಂದೆ, ಅಜ್ಜಿಯ ಫೋನಿನಲ್ಲಿ, ಸಂಘದ ಹಬ್ಬದಲ್ಲಿ. ಮಾತು ಉಳಿದರೂ ಓದು-ಬರಹ ತಪ್ಪಿಹೋಗುವ ಸಂಭವ ಹೆಚ್ಚು. 2011ರ ಮಾರ್ಚ್‌ನಲ್ಲಿ ನಮ್ಮ ಬೆಳಗಾವಿಯಲ್ಲೇ ವಿಶ್ವ ಕನ್ನಡ ಸಮ್ಮೇಳನ ನಡೆಯಿತಲ್ಲ. ವಿಶ್ವ ಕನ್ನಡ ಎಂಬ ಆ ದೊಡ್ಡ ಮಾತು ಕೊನೆಗೆ ನಿಲ್ಲುವುದು ಇಂಥ ಮನೆಗಳ ಅಡುಗೆಮನೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಗಂಡುಮಕ್ಕಳಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ತಂದೆತಾಯಿಯ ಮೂಲಕ ಕಾಯಂ ನಿವಾಸದ ಹಕ್ಕು ಪಡೆದ ಹುಡುಗ ಹದಿನೆಂಟರ ಹೊತ್ತಿಗೆ ಎರಡು ವರ್ಷ ರಾಷ್ಟ್ರೀಯ ಸೇವೆ, ಸಾಮಾನ್ಯವಾಗಿ ಸೈನ್ಯದ ಸೇವೆ, ಸಲ್ಲಿಸಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಗೆ ಸಿಪಾಯಿಗಿರಿ ಹೊಸದಲ್ಲ. ಆದರೆ ಇಲ್ಲಿ ಇಷ್ಟಪಟ್ಟು ಸೇರುತ್ತಾರೆ, ಅಲ್ಲಿ ಕಾನೂನು ಕರೆಯುತ್ತದೆ. ಮುಂದೆ ಸಿಂಗಪುರದ ಪೌರತ್ವ ಪಡೆದರೆ ಭಾರತದ ಪೌರತ್ವ ಉಳಿಯದು. 2005ರಿಂದ ಇರುವ ಸಾಗರೋತ್ತರ ನಾಗರಿಕ ಕಾರ್ಡಿನಿಂದ ವೀಸಾ ಇಲ್ಲದೆ ಬಂದು ಹೋಗಬಹುದು. ಆದರೆ ಓಟು ಇಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಹೊಲದ ಮಾತು ಬೇರೆ.

ಮನೆ ಬಾಡಿಗೆ ದುಬಾರಿ, ಕಾರಂತೂ ಕನಸು. ಆದರೆ ರೈಲು, ಬಸ್ಸು, ಆಸ್ಪತ್ರೆ, ರಾತ್ರಿ ಹೊತ್ತಿನ ಸುರಕ್ಷತೆ ಇವು ಮೆಚ್ಚುವಂಥವು. ಸರ್ಕಾರ ಕಟ್ಟಿದ ಬಹುಮಹಡಿ ಮನೆಗಳಲ್ಲಿ ಒಂದೇ ಜನಾಂಗದವರು ಗುಂಪುಗೂಡದಂತೆ 1989ರಿಂದ ಪ್ರತಿ ಕಟ್ಟಡಕ್ಕೂ ಮಿತಿ ಇಟ್ಟಿದ್ದಾರೆ. ಪಕ್ಕದ ಮನೆಯವರು ಚೀನೀಯರೋ ಮಲಯರೋ ಆಗಿರುತ್ತಾರೆ; ಒಗ್ಗರಣೆಯ ಘಾಟು ಅವರಿಗೂ, ಒಣಮೀನಿನ ವಾಸನೆ ನಮಗೂ ಸ್ವಲ್ಪ ದಿನ ತೊಂದರೆ ಕೊಟ್ಟೀತು.

ಊರಿನಿಂದ ಹೊರಡುವಾಗ ಅಮ್ಮಂದಿರು ಪೆಟ್ಟಿಗೆಯಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ ತುಂಬುವುದು ವಾಡಿಕೆ. ಕುಂದಾ ಬೇಗ ಕೆಡುತ್ತದೆಂದು ಗೋಕಾಕಿನ ಕರದಂಟು ಇಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ಪಾಯಸಕ್ಕೆ ಹಾಕುವ ಗಸಗಸೆ ಅಫೀಮಿನ ಗಿಡದ ಬೀಜ. ಸಿಂಗಪುರಕ್ಕೆ ಅದನ್ನು ಒಯ್ಯುವುದು ನಿಷಿದ್ಧ, ಮಾದಕವಸ್ತುವಿನ ಕಾನೂನು ಅಲ್ಲಿ ಅತಿ ಕಠಿಣ. ಕರದಂಟಿನಲ್ಲೂ ಗಸಗಸೆ ಹಾಕುವುದುಂಟು. ಕೊಳ್ಳುವಾಗ ಅಂಗಡಿಯವರನ್ನು ಕೇಳಿ ಕೊಳ್ಳಿರಿ.