ತವರಿಗೆ ಮರಳಿದ ನರ್ತನ

ಕಲಾವಿದನೊಬ್ಬನು ತವರನ್ನು ತೊರೆದು, ಪರದೇಶದಲ್ಲಿ ತನ್ನ ಕಲೆಗೆ ಹೊಸ ರೂಪವನ್ನು ಕೊಟ್ಟು, ಬಹುಕಾಲದ ಮೇಲೆ ಹಿಂದಿರುಗಿದರೆ, ತವರಿನವರು ಆ ಕಲೆಯನ್ನು ತಮ್ಮದೆಂದು ಗುರುತಿಸುವರೆ? 1962ರಲ್ಲಿ ಮಾಸ್ಕೋ ನಗರದಲ್ಲಿ ಈ ಪ್ರಶ್ನೆಗೆ ಒಂದು ಪರೀಕ್ಷೆಯೇ ನಡೆಯಿತು. ಆ ವರ್ಷದ ಅಕ್ಟೋಬರ್ 9ರಂದು ನ್ಯೂಯಾರ್ಕ್ ಸಿಟಿ ಬ್ಯಾಲೆ ಎಂಬ ಅಮೆರಿಕದ ನೃತ್ಯಮಂಡಲಿಯು ಅಲ್ಲಿನ ಬೋಲ್ಷಾಯ್ ರಂಗಮಂದಿರದಲ್ಲಿ ನರ್ತಿಸಿತು.

ಮಂಡಲಿಯ ನೃತ್ಯಾಚಾರ್ಯನು ಜಾರ್ಜ್ ಬ್ಯಾಲಂಚೀನ್. ಆತನು 1904ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ರಷ್ಯದ ಚಕ್ರವರ್ತಿಗಳು ಪೋಷಿಸಿದ್ದ ನೃತ್ಯಶಾಲೆಯಲ್ಲಿ ಕಲಿತು, 1924ರಲ್ಲಿ ದೇಶವನ್ನು ಬಿಟ್ಟವನು. ಲಿಂಕನ್ ಕರ್ಸ್ಟೀನ್ ಎಂಬ ಕಲಾಭಿಮಾನಿಯ ಆಹ್ವಾನದಂತೆ ಅಮೆರಿಕಕ್ಕೆ ಹೋಗಿ, 1934ರಲ್ಲಿ ನೃತ್ಯಶಾಲೆಯೊಂದನ್ನು ತೆರೆದನು. 1948ರಲ್ಲಿ ಈ ಮಂಡಲಿಯು ರೂಪುಗೊಂಡಿತು.

ಆತನ ನರ್ತನವನ್ನು ನವಶಾಸ್ತ್ರೀಯವೆನ್ನುತ್ತಾರೆ. ಹಾಗೆಂದರೇನು? ಹಿಂದಿನ ಶತಮಾನದ ಬ್ಯಾಲೆಯಲ್ಲಿ ಕಥೆಯೇ ಆಧಾರ. ರಾಜಕುಮಾರರು, ಶಾಪಗ್ರಸ್ತ ಕನ್ಯೆಯರು, ವೈಭವದ ಉಡುಪು, ಚಿತ್ರಿತ ಪರದೆಗಳು ಇವೆಲ್ಲ ಅದರ ಪರಿವಾರ. ಬ್ಯಾಲಂಚೀನನು ಪಾದದ ಐದು ಸ್ಥಾನಗಳನ್ನೂ, ಬೆರಳ ತುದಿಯ ಮೇಲಿನ ನಿಲುವನ್ನೂ, ಕಠಿಣ ಸಾಧನೆಯನ್ನೂ ಉಳಿಸಿಕೊಂಡು, ಅನೇಕ ಕೃತಿಗಳಲ್ಲಿ ಆ ಪರಿವಾರವನ್ನು ಕಳಚಿಹಾಕಿದನು. ಉಳಿದುದು ಸಂಗೀತ ಮತ್ತು ಶರೀರ. ನಮ್ಮ ಭರತನ ನಾಟ್ಯಶಾಸ್ತ್ರವನ್ನು ಓದಿದವರಿಗೆ ಇದು ತೀರ ಅಪರಿಚಿತವಲ್ಲ. ಅರ್ಥವನ್ನು ಅಭಿನಯಿಸದ ನೃತ್ತದಿಂದ ಪ್ರಯೋಜನವೇನೆಂದು ಋಷಿಗಳು ಕೇಳಿದಾಗ, ಅದು ಶೋಭೆಯನ್ನು ಉಂಟುಮಾಡುತ್ತದೆಂಬುದೇ ಅಲ್ಲಿ ದೊರೆಯುವ ಉತ್ತರ.

ಮೊದಲ ದಿನದ ಕೃತಿಗಳಲ್ಲಿ ಎರಡನ್ನು ಹೇಳಿದರೆ ಸಾಕು. ಚೈಕೋವ್‌ಸ್ಕಿಯ ಸಂಗೀತಕ್ಕೆ ರಚಿತವಾದ ‘ಸೆರೆನೇಡ್’ 1934ರಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿತು. ಅಭ್ಯಾಸದಲ್ಲಿ ಒಬ್ಬ ಹುಡುಗಿ ಬಿದ್ದಳು, ಇನ್ನೊಬ್ಬಳು ತಡವಾಗಿ ಬಂದಳು. ಆಚಾರ್ಯನು ಅವೆರಡನ್ನೂ ಕೃತಿಯಲ್ಲಿಯೇ ಸೇರಿಸಿಬಿಟ್ಟನು. 1957ರ ‘ಅಗಾನ್’ ಇನ್ನೂ ನೂತನವಾದುದು. ಸ್ಟ್ರವಿನ್‌ಸ್ಕಿಯ ಗಡುಸಾದ ಸಂಗೀತ. ಅಭ್ಯಾಸದ ಉಡುಪನ್ನೇ ಧರಿಸಿದ ಹನ್ನೆರಡು ಮಂದಿ ನರ್ತಕರು. ಕಥೆಯ ಸುಳಿವೂ ಇಲ್ಲ.

ಸೋವಿಯತ್ ರಷ್ಯದಲ್ಲಿ ಆಗ ಕಥಾಪ್ರಧಾನವಾದ ನೃತ್ಯನಾಟಕಕ್ಕೇ ಮನ್ನಣೆ. ಕಥೆಯಿಲ್ಲದ ಕಲೆಯು ಬರಿಯ ಆಕಾರವೆಂದೂ, ಆತ್ಮವಿಲ್ಲದುದೆಂದೂ ವಿಮರ್ಶಕರು ಆಕ್ಷೇಪಿಸುತ್ತಿದ್ದರು. ಆದಕಾರಣ ಮೊದಲ ರಾತ್ರಿಯ ಸಭೆ ಸಂಕೋಚದಿಂದಲೇ ಕೂಡಿತ್ತು. ಆದರೆ ಪ್ರದರ್ಶನಗಳು ಮುಂದುವರಿದಂತೆ ಸಂಕೋಚವು ಕರಗಿತು. ಕ್ರೆಮ್ಲಿನ್ನಿನ ವಿಶಾಲ ಸಭಾಭವನದಲ್ಲಿ ಜನರು ಆಚಾರ್ಯನ ಹೆಸರನ್ನು ಹಿಡಿದು ಕೂಗಿದರು. ಇದೇ ವೇಳೆಗೆ, ಅಕ್ಟೋಬರ್ 22ರಂದು, ಕ್ಯೂಬಾದ ಕ್ಷಿಪಣಿಗಳ ವಿಷಯವು ಬಯಲಾಗಿ, ಎರಡು ಮಹಾರಾಷ್ಟ್ರಗಳು ಯುದ್ಧದ ಅಂಚಿಗೆ ಬಂದು ನಿಂತುವು. ಮಂಡಲಿಯಾದರೋ ಮಾಸ್ಕೋವಿನಲ್ಲಿಯೇ ಇದ್ದು ನರ್ತಿಸುತ್ತಿತ್ತು. ಜನರು ಬಂದು ನೋಡುತ್ತಿದ್ದರು.

ಬಳಿಕ ಲೆನಿನ್‌ಗ್ರಾಡ್, ಕೀವ್, ಟಿಬಿಲಿಸಿ, ಬಾಕು ನಗರಗಳಲ್ಲಿ ಪ್ರದರ್ಶನಗಳು ನಡೆದುವು. ಬ್ಯಾಲಂಚೀನನ ಸೋದರನಾದ ಸಂಗೀತಗಾರ ಆಂಡ್ರಿಯಾ ಬಲಾಂಚಿವಾಡ್ಜೆಯು ಜಾರ್ಜಿಯದಲ್ಲಿಯೇ ಉಳಿದಿದ್ದವನು. ಸುಮಾರು ನಾಲ್ಕು ದಶಕಗಳ ಅಗಲಿಕೆಯ ಅನಂತರ ಸೋದರರು ಈ ಪ್ರವಾಸದಲ್ಲಿ ಪರಸ್ಪರ ಮುಖವನ್ನು ಕಂಡರು.

ಇಂತಹ ಪ್ರವಾಸಗಳಿಂದ ರಾಜ್ಯಗಳ ವೈರವು ತೀರುವುದೆಂದು ಹೇಳಲಾಗದು. ಆದರೆ ಕಥೆಯ ನೆರವಿಲ್ಲದೆ, ಭಾಷೆಯ ನೆರವಿಲ್ಲದೆ, ಒಂದು ಶಿಸ್ತು ಇನ್ನೊಂದು ಶಿಸ್ತನ್ನು ಗುರುತಿಸಬಲ್ಲುದೆಂಬುದು ಆ ದಿನಗಳಲ್ಲಿ ಸಿದ್ಧವಾಯಿತು. ಬಿಟ್ಟುಹೋದವನು ಒಯ್ದದ್ದು ತವರಿನ ವ್ಯಾಕರಣವನ್ನು. ಹಿಂದೆ ತಂದದ್ದು ಅದರಲ್ಲಿ ರಚಿಸಿದ ಹೊಸ ಕಾವ್ಯವನ್ನು.